ಕೊನೆಯ ಸೊನ್ನೆ

ನನ್ನ ಗಂಡ ಔಷಧಿ ಕಾರ್ಖಾನೆಯಲ್ಲಿ ಪ್ರೋಗ್ರಾಮ್ ಬರೆಯುತ್ತಿದ್ದರು. ಬಾಟಲಿಗೆ ಚೀಟಿ ಅಂಟಿಸುವ ಯಂತ್ರಕ್ಕೆ. ಚೀಟಿಯ ಮೇಲಿನ ಹೆಸರೂ ಒಳಗಿನ ಔಷಧಿಯ ಹೆಸರೂ ಒಂದೇ ಹೌದೋ ಅಲ್ಲವೋ ಎಂದು ಯಂತ್ರ ನೋಡಬೇಕು. ತಪ್ಪಿದರೆ ಯಾರದೋ ಜೀವ. ಅದನ್ನೆಲ್ಲ ಸಿ ಎಂಬ ಭಾಷೆಯಲ್ಲಿ ಬರೆದಿದ್ದರು. ತಲೆ ನರೆಯುವವರೆಗೂ ಅದೊಂದೇ ಭಾಷೆ. ನಾನು ಓದಿದ್ದು ಕಡಿಮೆ, ಆದರೆ ಇಷ್ಟು ಗೊತ್ತು.

ಹೊಸ ಮ್ಯಾನೇಜರ್ ಬಂದ. ಇನ್ನು ಎಲ್ಲ ಜಾವಾ ಎಂಬ ಭಾಷೆಯಲ್ಲೇ, ಪರೀಕ್ಷೆ ಪಾಸಾದವರು ಇರಲಿ, ಉಳಿದವರು ಮನೆಗೆ ಹೋಗಲಿ ಎಂದ.

ನನ್ನ ತಂಗಿಗೆ ಜಾವಾ ಬರುತ್ತದೆ. ಭಾನುವಾರ ಬಂದು ನಮ್ಮ ಅಡುಗೆಮನೆಯ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟು ಹೇಳಿಕೊಡುತ್ತಿದ್ದಳು. ನಾನು ಪಕ್ಕದಲ್ಲೇ ಈರುಳ್ಳಿ ಹೆಚ್ಚುತ್ತಿದ್ದೆ.

“ಭಾವ, ಇದರಲ್ಲಿ ಬಳಸಿದ ಮೆಮೊರಿ ಜಾಗ ನೀವು ವಾಪಸ್ ಕೊಡೋದು ಬೇಡ. ಅದೇ ಗುಡಿಸಿಕೊಳ್ಳುತ್ತೆ.”

“ಯಾವಾಗ?”

“ಅದಕ್ಕೆ ತೋಚಿದಾಗ.”

“ನಿಮ್ಮಕ್ಕನೂ ಹಾಗೇ ಗುಡಿಸಿದ್ರೆ ಮನೆ ಉದ್ಧಾರ ಆದ ಹಾಗೇ.”

ನಾನು ಚಾಕು ತೋರಿಸಿದೆ. ನಕ್ಕರು. ಆದರೆ ಜಾವಾವನ್ನು ನಂಬಲಿಲ್ಲ. ಉಂಡ ತಟ್ಟೆಯನ್ನೂ ನನಗೆ ಬಿಡದೆ ತಾವೇ ತೊಳೆದಿಡುವ ಮನುಷ್ಯ.

ಪರೀಕ್ಷೆಯಲ್ಲಿ ಫೇಲಾದರು. ಬಂದವರು ಶೂ ಬಿಚ್ಚದೆ ಕೂತರು.

“ಚೀಟಿಯದೂ ಔಷಧಿಯದೂ ಎರಡೂ ಹೆಸರು ಒಂದೇ ಕಣೇ. ಅಕ್ಷರ ಅಕ್ಷರ ನೋಡ್ದೆ. ಜಾವಾ ಮಾತ್ರ ಬೇರೆ ಬೇರೆ ಅನ್ನುತ್ತೆ.”

ತಂಗಿಯನ್ನು ಕರೆಸಿದೆ. ಅವರು ಬರೆದದ್ದು ನೋಡಿದವಳೇ ಹಣೆ ಚಚ್ಚಿಕೊಂಡಳು.

“ಅಯ್ಯೋ ಭಾವ, ಕೊನೆಗೆ ಸೊನ್ನೆ ಇಟ್ಟಿದ್ದೀರಿ!”

ಸಿಯಲ್ಲಿ ಪದ ಬರೆದರೆ ಕೊನೆಗೊಂದು ಸೊನ್ನೆ ಇರಬೇಕಂತೆ, ಇಲ್ಲಿಗೆ ಮುಗಿಯಿತು ಎಂದು ತಿಳಿಯಲು. ಹೆಸರು ತೆರೆಯ ಮೇಲೆ ಬಂದಾಗ ಅದು ಕಣ್ಣಿಗೆ ಕಾಣುವುದಿಲ್ಲ. ಜಾವಾಕ್ಕೆ ಅದು ಬೇಡ. ಇಟ್ಟರೆ ಅದನ್ನೂ ಒಂದು ಅಕ್ಷರವೆಂದೇ ಎಣಿಸುತ್ತದೆ.

“ಸೊನ್ನೆ ಇಲ್ಲದಿದ್ರೆ ಮುಗೀತು ಅಂತ ಹೇಗಮ್ಮ ಗೊತ್ತಾಗೋದು?”

“ತನ್ನ ಉದ್ದ ಎಷ್ಟು ಅಂತ ಪದಕ್ಕೇ ಗೊತ್ತು ಭಾವ.”

“ಆ ಪದ ಪುಣ್ಯ ಮಾಡಿದೆ ಬಿಡು,” ಎಂದರು.

ಮ್ಯಾನೇಜರನ ಬಾಗಿಲಲ್ಲಿ ನಿಂತು ಇನ್ನೊಂದು ಅವಕಾಶ ಕೇಳಿಕೊಂಡರು. ಸೋಮವಾರ ಬಾ ಎಂದ. ಮನೆಯಲ್ಲಿ ಕೂತು ಬರೆದೇ ಬರೆದರು. ಕೈ ತಾನಾಗಿ ಸೊನ್ನೆ ಇಡುತ್ತಿತ್ತು. ಬೈದುಕೊಂಡು ಅಳಿಸುತ್ತಿದ್ದರು. ಭಾನುವಾರ ಮಧ್ಯಾಹ್ನ ಕೂಗಿದರು: “ಇವಳೇ, ಬಾ ಇಲ್ಲಿ. ಒಂದೇ ಅಂತು ನೋಡು!”

ಸೋಮವಾರ ಬೆಳಿಗ್ಗೆ ಶೂ ಹಾಕಿಕೊಳ್ಳಲು ಬಗ್ಗಿದವರು ಏಳಲಿಲ್ಲ. ಡಾಕ್ಟರ್ ಬಂದು ಹೃದಯ ಎಂದರು.

ಹೆಣ ಇನ್ನೂ ಮನೆಯಲ್ಲೇ ಇತ್ತು. ಆಫೀಸಿನ ಹುಡುಗಿಯ ಫೋನ್ ಬಂತು.

“ಸಾರ್ ಪರೀಕ್ಷೆಗೆ ಬಂದಿಲ್ಲವಲ್ಲ?”

“ಬರಲ್ಲಮ್ಮ. ಹೋಗ್ಬಿಟ್ರು.”

“ಬೇರೆ ಕಂಪನಿಗಾ?”

“ಸತ್ತುಹೋದ್ರು.”

ಆ ಕಡೆ ಅವಳು ಯಾರಿಗೋ ವಿಷಯ ಹೇಳಿದ್ದು ಕೇಳಿಸಿತು. ಆಮೇಲೆ ಮೆಲ್ಲಗೆ, “ತಪ್ಪು ತಿಳೀಬೇಡಿ ಅಮ್ಮ, ಪರೀಕ್ಷೆಗೆ ಅವರ ಜಾಗದಲ್ಲಿ ಬೇರೆಯವರನ್ನ ಕೂರಿಸಿ ಅಂತಿದಾರೆ ಮ್ಯಾನೇಜರ್,” ಎಂದಳು.

“ಕೂರಿಸಿ. ಕೊನೆಗೆ ಸೊನ್ನೆ ಇಡಬೇಡಿ ಅಂತ ಅವರಿಗೆ ಮೊದಲೇ ಹೇಳಿ.”

“ಏನಮ್ಮ? ಅರ್ಥ ಆಗ್ಲಿಲ್ಲ.”

“ಅವರಿಗೆ ಆಗುತ್ತೆ,” ಎಂದು ಫೋನ್ ಇಟ್ಟೆ.