ರಜೆಯ ದಿನದ ಸಾವು

ನಮ್ಮ ಯಜಮಾನರು ಸರ್ಕಾರದ ಮದ್ದುಗುಂಡಿನ ಕಾರ್ಖಾನೆಯಲ್ಲಿ ಕೆಮಿಕಲ್ ಇಂಜಿನಿಯರ್ ಆಗಿದ್ದರು. ಸೇರಿದಾಗ ಮೀಸೆ ಸರಿಯಾಗಿ ಬಂದಿರಲಿಲ್ಲ, ಬಿಟ್ಟಾಗ ತಲೆಯಲ್ಲಿ ಕೂದಲಿರಲಿಲ್ಲ. ನಡುವೆ ಮಾಡಿದ್ದೆಲ್ಲ ಒಂದೇ ಕೆಲಸ.

ಅವರ ಶೆಡ್ಡಿನಲ್ಲಿ ತಯಾರಾಗುತ್ತಿದ್ದದ್ದು ನೈಟ್ರೋಗ್ಲಿಸರಿನ್. ಅಲ್ಲಿಯವರು ಅದನ್ನು ಎಣ್ಣೆ ಅನ್ನುತ್ತಿದ್ದರು. ಬಿಸಿ ಸ್ವಲ್ಪ ಏರಿದರೆ ಶೆಡ್ಡೇ ಹಾರಿಹೋಗುತ್ತದೆ. ಅದಕ್ಕೆ ಬಿಸಿ ನೋಡುವ ಕೆಲಸಗಾರ ಒಂಟಿ ಕಾಲಿನ ಸ್ಟೂಲಿನ ಮೇಲೆ ಕೂರಬೇಕು. ತೂಕಡಿಸಿದರೆ ಬೀಳುತ್ತಾನೆ, ಬಿದ್ದರೆ ಎಚ್ಚರವಾಗುತ್ತಾನೆ.

ಮದುವೆಯ ಹೊಸದರಲ್ಲಿ ಅವರು ಮನೆಗೆ ಬಂದರೆ ತಲೆಗೆ ಒದ್ದೆ ಟವೆಲ್ ಬಿಗಿದು ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ನಾನು ಹಿಡಿಸಲಿಲ್ಲವೇನೋ ಅಂದುಕೊಂಡೆ.

"ನಿನ್ನಿಂದಲ್ಲ ಕಣೇ, ಎಣ್ಣೆ ಆವಿ. ವಾರ ಕಳೆದ್ರೆ ಒಗ್ಗುತ್ತೆ" ಅಂದರು.

ಒಗ್ಗಿತು. ಆದರೆ ಭಾನುವಾರ ಮನೆಯಲ್ಲಿದ್ದರೆ ಸೋಮವಾರ ಮತ್ತೆ ತಲೆ ಸಿಡಿಯೋದು. ಅದಕ್ಕೆ ಶೆಡ್ಡಿನವರು ಎಣ್ಣೆ ಸೋಕಿದ ಬಟ್ಟೆಚೂರನ್ನು ಟೋಪಿಯೊಳಗೆ ಸಿಕ್ಕಿಸಿಕೊಂಡು ಮನೆಗೆ ತರುತ್ತಿದ್ದರು. ರಜೆಯಲ್ಲೂ ಅದರ ವಾಸನೆ ಎಳೆಯುತ್ತಿದ್ದರೆ ಸೋಮವಾರ ತಲೆ ಸಿಡಿಯುತ್ತಿರಲಿಲ್ಲ. ಮೊದಮೊದಲು ಇವರು ಗೇಟಿನಲ್ಲಿ ಕಸಿದುಕೊಳ್ಳುತ್ತಿದ್ದರು. ಆಮೇಲೆ ಕಂಡೂ ಕಾಣದ ಹಾಗೆ ಇದ್ದುಬಿಟ್ಟರು.

ಸ್ಟೂಲಿನ ಮೇಲೆ ಕೂರುವವನೊಬ್ಬನಿಗೆ ಗಡಿಗೆ ಅಂತ ಅಡ್ಡಹೆಸರು, ಹೊಟ್ಟೆ ಹಾಗಿತ್ತು. "ಅಕ್ಕಾ, ನನ್ನ ಭಾರಕ್ಕೆ ಆ ಸ್ಟೂಲೇ ನಿದ್ದೆ ಮಾಡಲ್ಲ" ಅನ್ನುತ್ತಿದ್ದ. ಕಲ್ಲು ತಿಂದು ಅರಗಿಸಿಕೊಳ್ಳೋ ಆಸಾಮಿ. ಒಂದು ಭಾನುವಾರ ಬಾಗಿಲಲ್ಲಿ ಕೂತು ಗಡ್ಡ ಕೆರೆದುಕೊಳ್ಳುತ್ತಿದ್ದವನು ಕನ್ನಡಿ ಹಿಡಿದೇ ಸತ್ತ. ಅರ್ಧ ಮುಖಕ್ಕೆ ಸೋಪು ಹಾಗೇ ಇತ್ತು. ಆಮೇಲೆ ಎಣ್ಣೆಯಲ್ಲಿ ಉಳಿದ ಆಸಿಡ್ ತೊಳೆಯುವವನು ಸತ್ತ, ಅದೂ ರಜೆಯಲ್ಲೇ. ಆಮೇಲೆ ಇನ್ನೊಬ್ಬ.

ಇವರಿಗೆ ಊಟ ಸೇರದಾಯಿತು. ಒಂದು ದಿನ ತಟ್ಟೆ ಸರಿಸಿ ನನಗೆ ಹೇಳಿದರು. "ಎಣ್ಣೆ ರಕ್ತನಾಳಾನ ಹಿಗ್ಗಿಸಿ ಇಡುತ್ತೆ. ಮೈ ಅದಕ್ಕೆ ಎದುರಾಗಿ ಬಿಗಿ ಹಿಡಿಯುತ್ತೆ. ರಜೇಲಿ ಎಣ್ಣೆ ಇರಲ್ಲ, ಬಿಗಿ ಇರುತ್ತೆ."

"ಹಗ್ಗ ಜಗ್ಗೋವಾಗ ಒಂದು ಕಡೆಯವರು ಕೈ ಬಿಟ್ಟ ಹಾಗಾ?"

"ಹಾಗೇ. ಇನ್ನೊಂದು ಕಡೆಯವರು ಬೀಳ್ತಾರೆ."

ಇದನ್ನೇ ದೊಡ್ಡ ಸಾಹೇಬರಿಗೆ ಹೇಳಿದರು. ಶೆಡ್ಡಿನವರನ್ನು ಎಣ್ಣೆಯಿಂದ ಒಂದೇ ಸಲ ಬಿಡಿಸಬೇಡಿ, ಮೆಲ್ಲಗೆ ಬಿಡಿಸಿ. ಸತ್ತವರನ್ನು ಕೆಲಸದಿಂದ ಸತ್ತವರು ಅಂತ ಒಪ್ಪಿಕೊಳ್ಳಿ. ಸಾಹೇಬರು ನಕ್ಕರಂತೆ. "ಏನ್ರೀ ಇದು? ಕೆಲಸ ಮಾಡಿದ್ರೆ ಬದುಕ್ತಾರೆ, ರಜೆ ಕೊಟ್ರೆ ಸಾಯ್ತಾರೆ ಅಂದ್ರೆ ರಜೇನೇ ತೆಗೆದುಹಾಕೋಣ ಬಿಡಿ!" ಕಾರ್ಖಾನೆಯ ಲೆಕ್ಕದಲ್ಲಿ ಗೇಟಿನ ಒಳಗೆ ಸತ್ತರೆ ಮಾತ್ರ ಕಾರ್ಖಾನೆಯ ಸಾವು. ಹೊರಗೆ ಸತ್ತರೆ ಅವರವರ ಹಣೆಬರಹ.

ಅಷ್ಟರಲ್ಲಿ ಇವರಿಗೂ ಭಾನುವಾರ ಎದೆ ಹಿಡಿಯತೊಡಗಿತ್ತು. ಮಗಳು ದೊಡ್ಡಾಸ್ಪತ್ರೆಗೆ ಎಳೆದುಕೊಂಡು ಹೋದಳು. ಡಾಕ್ಟರು ನಾಲಿಗೆ ಕೆಳಗೆ ಇಡೋ ಮಾತ್ರೆ ಕೊಟ್ಟರು. ಸಾಸಿವೆಯಷ್ಟಿತ್ತು. ಇವರು ಚೀಟಿ ಓದಿ ಆಸ್ಪತ್ರೆಯ ಮೆಟ್ಟಿಲ ಮೇಲೇ ಕೂತು ನಕ್ಕರು. "ಅದೇ ಎಣ್ಣೆ ಕಣೇ. ನಾನು ಟ್ಯಾಂಕುಗಟ್ಟಲೆ ಮಾಡಿದ್ದನ್ನ ಇವರು ಚಿಟಿಕೆ ಕೊಡ್ತಾರೆ." ಮಗಳಿಗೆ ನಗು ಬರಲಿಲ್ಲ, ನನಗೂ ಬರಲಿಲ್ಲ. ಮಾತ್ರೆ ಇಟ್ಟರೆ ನೋವು ಇಳಿಯುತ್ತಿತ್ತು.

ನಿವೃತ್ತಿ ಹತ್ತಿರ ಬಂತು. ಬೇರೆಯವರು ಕುಣಿಯುತ್ತಾರೆ, ನಮ್ಮ ಮನೆಯಲ್ಲಿ ಯಾರೂ ಅದರ ಮಾತೆತ್ತಲಿಲ್ಲ. ಇವರು ಮತ್ತೆ ಸಾಹೇಬರ ಹತ್ತಿರ ಹೋದರು. ಕೆಲವು ತಿಂಗಳು ದಿನ ಬಿಟ್ಟು ದಿನ ಬರ್ತೀನಿ, ಸಂಬಳ ಬೇಡ, ಶೆಡ್ಡಿನ ಬಾಗಿಲಲ್ಲಿ ಕೂತಿರ್ತೀನಿ ಅಂದರು. ಸಾಹೇಬರು, "ನಿವೃತ್ತಿ ಅಂದ್ರೆ ನಿವೃತ್ತಿ. ಅರ್ಧ ನಿವೃತ್ತಿ ಅಂತ ಇರಲ್ಲ. ಹೋಗಿ, ಹೆಂಡತಿ ಜೊತೆ ಹಾಯಾಗಿರಿ" ಅಂದರು.

ಹಾಯಾಗಿದ್ದದ್ದು ಭಾನುವಾರದವರೆಗೆ. ಅಡುಗೆಮನೆಯ ನಲ್ಲಿ ಸೋರುತ್ತಿತ್ತು. ಬಗ್ಗಿ ವಾಷರ್ ಹಾಕುತ್ತಿದ್ದರು. "ಟಾರ್ಚ್ ಇತ್ಲಾಗಿ ಹಿಡಿಯೇ" ಅಂದರು. ಹಿಡಿದೆ. ಸ್ಪ್ಯಾನರ್ ಬಿತ್ತು. ಮಾತ್ರೆ ತಂದು ನಾಲಿಗೆ ಕೆಳಗೆ ಇಟ್ಟೆ, ಎದೆ ಉಜ್ಜಿದೆ, ಬೈದೆ, ಕೂಗಿದೆ. ಮಗಳು ಬಂದು ಅವರ ಕಣ್ಣು, ಬಾಯಿ ಮುಚ್ಚುವಾಗ ನಾಲಿಗೆ ಕೆಳಗಿನ ಮಾತ್ರೆ ಇನ್ನೂ ಪೂರ್ತಿ ಕರಗಿರಲಿಲ್ಲ.

ಕಾರ್ಖಾನೆಯ ಗೇಟಿನ ಪಕ್ಕ ಒಂದು ಕಲ್ಲಿದೆ. ಹಿಂದೊಮ್ಮೆ ಶೆಡ್ಡು ಹಾರಿಹೋದಾಗ ಸತ್ತವರ ಹೆಸರು ಅದರ ಮೇಲಿದೆ. ಇವರ ಹೆಸರೂ ಅಲ್ಲಿ ಕೆತ್ತಿಸಬೇಕು ಅಂತ ನನಗೆ ಹಟ ಬಂತು. ದುಡ್ಡು ಕೇಳಲಿಲ್ಲ. ಇವರನ್ನು ಕೊಂದದ್ದು ಏನು ಅಂತ ಕಾರ್ಖಾನೆ ತನ್ನ ಬಾಯಲ್ಲಿ ಹೇಳಬೇಕಿತ್ತು, ಅಷ್ಟೇ.

ಆ ಹೊತ್ತಿಗೆ ಹೊಸ ಸಾಹೇಬರು ಬಂದಿದ್ದರು, ಮಗನ ವಯಸ್ಸಿನವರು. ಎದ್ದು ನಿಂತು ಕುರ್ಚಿ ಕೊಟ್ಟರು, ನೀರು ತರಿಸಿದರು. ಪೂರ್ತಿ ಕೇಳಿಸಿಕೊಂಡರು.

"ಅಮ್ಮ, ಇವರೊಬ್ಬರದ್ದು ಹಾಕಿದ್ರೆ ಇನ್ನೂ ಎಷ್ಟು ಜನರದ್ದು ಹಾಕಬೇಕಾಗುತ್ತೆ ಗೊತ್ತಾ?"

"ಗೊತ್ತು. ಗಡಿಗೆಯದ್ದು ಮೊದಲು ಹಾಕಿ."

ಅವರು ತಲೆ ಬಗ್ಗಿಸಿ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. "ನನ್ನ ಕೈಲಿಲ್ಲಮ್ಮ. ಇನ್ನೊಂದು ಮಾತು. ದಯವಿಟ್ಟು ಇದನ್ನ ಶೆಡ್ಡಿನವರ ಹತ್ರ ಆಡಬೇಡಿ. ಹೆದರ್ತಾರೆ."

"ಹೆದರಲಿ" ಅಂದು ಎದ್ದೆ.

ಹೊರಗೆ ಬಂದಾಗ ಶನಿವಾರದ ಪಾಳಿ ಬಿಡುತ್ತಿತ್ತು. ನಾಳೆ ರಜೆ, ಎಲ್ಲರ ಮುಖದಲ್ಲೂ ನಗು. ನಾನು ಕಲ್ಲಿನ ಪಕ್ಕ ನಿಂತೆ. ಶೆಡ್ಡಿನವರ ಬಟ್ಟೆ ನನಗೆ ಗೊತ್ತು. ಕಂಡ ಕಂಡವರನ್ನು ತಡೆದು ಹೇಳಿದೆ. ನಾಳೆ ಎದೆ ಹಿಡಿದ್ರೆ ಗ್ಯಾಸು ಅಂತ ಮಲಗಬೇಡಿ. ದೊಡ್ಡಾಸ್ಪತ್ರೆಗೆ ಹೋಗಿ. ಏನು ಕೆಲಸ ಮಾಡ್ತೀನಿ ಅಂತ ಮೊದಲು ಹೇಳಿ.

"ಅಮ್ಮಂಗೆ ಪಾಪ ತಲೆ ಕೆಟ್ಟಿದೆ" ಅಂದ ಒಬ್ಬ. ಇನ್ನೊಬ್ಬ, "ನಮ್ಮ ಮನೆಯವಳನ್ನ ನೋಡಿದ್ರೆ ದಿನಾ ಎದೆ ಹಿಡಿಯುತ್ತೆ, ಅದಕ್ಕೇನು ಔಷಧಿ?" ಅಂದ. ನಗುತ್ತಾ ಹೋದರು. ಕಾವಲಿನವನು ಬಂದು, ಅಮ್ಮಾ ಸಾಹೇಬರು ನೋಡ್ತಿದ್ದಾರೆ, ಹೋಗಿಬಿಡಿ ಅಂದ. ಹೋಗಲಿಲ್ಲ.

ಕೊನೆಗೆ ಬಂದವನೊಬ್ಬ ನನ್ನನ್ನು ದಾಟಿ ಸ್ವಲ್ಪ ದೂರ ಹೋಗಿ ಸೈಕಲ್ ಇಳಿದ. ಬೇರೆಯವರೆಲ್ಲ ಹೋಗಲಿ ಅಂತ ಕಾದು, ಸೈಕಲ್ ತಳ್ಳಿಕೊಂಡು ವಾಪಸ್ ಬಂದ.

"ಎದೆ ಮಾತ್ರಾನಾ ಅಮ್ಮಾ, ಇಲ್ಲ ಎಡಗೈಯೂ ನೋಯುತ್ತಾ?" ಅಂತ ಕೇಳಿದ.