ಬೀದಿಯಿಂದ ಕಾಣಬಾರದು

ಅವನನ್ನು ಕಂಡರೆ ನನಗೆ ಶಾಲೆಯ ದಿನಗಳಿಂದಲೂ ಆಗುತ್ತಿರಲಿಲ್ಲ. ಚನ್ನಪಟ್ಟಣದ ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಮೇಷ್ಟ್ರು. ಅವನು ಕೈಲಾಂಚದ ಕಡೆಯವನು. ಸೋದರಮಾವನ ಮನೆಯಲ್ಲಿದ್ದುಕೊಂಡು ನಮ್ಮಲ್ಲಿ ಓದುತ್ತಿದ್ದ. ಮೂರು ವರ್ಷದಲ್ಲಿ ಒಂದು ದಿನವೂ ಡ್ರಾಯಿಂಗ್ ಪುಸ್ತಕ ತಂದವನಲ್ಲ. ಬೆಂಚಿನ ಮೇಲೆ ನಿಲ್ಲಿಸಿದರೆ ಅಲ್ಲಿಂದಲೇ ಕಿಟಕಿಯಾಚೆ ನೋಡಿಕೊಂಡು ಹಾಯಾಗಿರುತ್ತಿದ್ದ. ಇಂಥವನು ದೊಡ್ಡವನಾಗಿ, ಬಿಡದಿ ಕಡೆ ಸೈಟುಗಳ ವ್ಯವಹಾರದಲ್ಲಿ ಕುದುರಿಕೊಂಡು, ಕೋಟೆಯೊಳಗಿನ ನಮ್ಮ ಬೀದಿಯಲ್ಲೇ ನನ್ನ ಮನೆಯಿಂದ ನಾಲ್ಕನೆಯ ಮನೆಯನ್ನು ಕೊಂಡುಕೊಂಡ ಎಂದು ತಿಳಿದ ದಿನ ನನಗೆ ಊಟ ರುಚಿಸಲಿಲ್ಲ.

ನಮ್ಮ ಬೀದಿ ಹಳೆಯದು. ಎರಡು ಸಾಲು ಮನೆಗಳು. ಎಲ್ಲಕ್ಕೂ ಕಲ್ಲಿನ ಜಗಲಿ, ಮರದ ಕಂಬ, ನಾಡಹೆಂಚಿನ ಸೂರು. ಒಂದು ಮನೆಯ ಸೂರು ಮುಗಿದ ಕಡೆಯೇ ಪಕ್ಕದ ಮನೆಯದು ಶುರು. ಕೆಲವು ವರ್ಷಗಳ ಹಿಂದೆ ತುದಿಯ ಎರಡು ಮನೆ ಬಿದ್ದು ಅಲ್ಲಿ ಶಟರ್ ಬಾಗಿಲಿನ ಅಂಗಡಿಗಳು ಎದ್ದಾಗ ನಾವೆಲ್ಲ ಸಿಟ್ಟಾಗಿ ಒಂದು ಸಮಿತಿ ಮಾಡಿಕೊಂಡೆವು. ಯಾರಾದರೂ ಮನೆ ಕೆಡವಿ ಕಟ್ಟುವುದಾದರೆ, ಮಾರ್ಪಾಡು ಮಾಡುವುದಾದರೆ, ಮೊದಲು ನಮಗೆ ಪ್ಲಾನು ತೋರಿಸಬೇಕು. ನಾವು ಒಪ್ಪಿ ಪತ್ರ ಕೊಡಬೇಕು. ಕಾನೂನಿನಲ್ಲಿ ಆ ಪತ್ರಕ್ಕೆ ಎಷ್ಟು ಬೆಲೆಯಿತ್ತೋ ಗೊತ್ತಿಲ್ಲ, ಆದರೆ ಅದಿಲ್ಲದೆ ನಗರಸಭೆ ಕಚೇರಿಯಲ್ಲಿ ಫೈಲು ಮುಂದಕ್ಕೆ ಹೋಗುತ್ತಿರಲಿಲ್ಲ. ನನಗೆ ಅಷ್ಟು ಸಾಕಾಗಿತ್ತು.

ಸಮಿತಿ ಎಂದರೆ ನಾನು. ಎದುರು ಮನೆಯ ಸಾಹೇಬರು ಇದ್ದರು, ಒಂದು ಕಾಲದಲ್ಲಿ ರೇಷ್ಮೆ ನೂಲು ತೆಗೆಸುತ್ತಿದ್ದವರು, ಸಾಧು ಮನುಷ್ಯ. ಉಳಿದವರು ಸಹಿ ಹಾಕುವವರು. ಪ್ಲಾನು ಓದಲು ಬರುತ್ತಿದ್ದುದು ನನಗೊಬ್ಬನಿಗೇ ಎಂದು ಎಲ್ಲರೂ ನಂಬಿದ್ದರು, ನಾನೂ ನಂಬಿದ್ದೆ. ನನ್ನ ಕ್ರಮ ಹೀಗಿತ್ತು: ಸಾಹೇಬರ ಜಗಲಿಯ ಮೇಲೆ ಕೂತು, ಹಾಳೆಗಳ ಸುರುಳಿ ಬಿಚ್ಚಿ, ಮನೆಯ ಮುಂಭಾಗದ ಚಿತ್ರವಿರುವ ಮೊದಲನೆಯ ಹಾಳೆಯನ್ನು ತೊಡೆಯ ಮೇಲೆ ಹರಡಿಕೊಳ್ಳುತ್ತಿದ್ದೆ. ಕಂಬದ ದಪ್ಪ, ಜಗಲಿಯ ಎತ್ತರ, ಸೂರಿನ ಇಳಿಜಾರು, ಬಾಗಿಲಿನ ಮೇಲಿನ ಕೆತ್ತನೆ, ಎಲ್ಲವನ್ನೂ ಪೆನ್ಸಿಲಿನಿಂದ ತಿದ್ದುತ್ತಿದ್ದೆ. ಉಳಿದ ಹಾಳೆಗಳನ್ನು ಸುತ್ತಿ ಪಕ್ಕಕ್ಕಿಡುತ್ತಿದ್ದೆ. ಅವು ಕೋಣೆ, ಬಚ್ಚಲು, ಹಿತ್ತಲುಗಳ ಲೆಕ್ಕ. ಅದರಲ್ಲಿ ನೋಡುವುದು ಏನಿದೆ ಎನ್ನುವುದು ನನ್ನ ಅಭಿಪ್ರಾಯ.

ಅವನು ಮೊದಲ ಸಲ ಪ್ಲಾನು ತಂದಾಗ ಎಂಜಿನಿಯರನ್ನೂ ಜೊತೆಗೆ ಕರೆತಂದಿದ್ದ. ಮುಂಭಾಗಕ್ಕೆ ಪೂರ್ತಿ ನೀಲಿ ಗಾಜು. ಜಗಲಿ ಇಲ್ಲ, ಕಂಬ ಇಲ್ಲ. ಬೀದಿಯ ಅಂಚಿಗೇ ಮೂರು ಅಂತಸ್ತು.

"ಇದೇನಪ್ಪ, ಬಟ್ಟೆ ಅಂಗಡಿಯೋ ಮನೆಯೋ?" ಎಂದೆ.

"ಏನ್ ಮೇಷ್ಟ್ರೇ, ಇನ್ನೂ ಬೆಂಚ್ ಮ್ಯಾಲೆ ನಿಲ್ಲಿಸ್ತೀರಾ?"

"ಬೆಂಚಿಲ್ಲ, ಅದಕ್ಕೆ ಬಚಾವಾದೆ."

"ಮನೆ ನಂದು, ಕಾಸು ನಂದು. ನಿಮ್ದೇನೈತೆ ಇದ್ರಲ್ಲಿ?"

"ಒಳಗಡೆ ನಿನ್ನದು. ಮುಖ ಬೀದಿದು."

ಈ ಉತ್ತರ ನನಗೇ ಎಷ್ಟು ಇಷ್ಟವಾಯಿತೆಂದರೆ ಒಂದು ವಾರ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಎರಡನೆಯ ಸಲ ಬಂದಾಗ ಗಾಜು ಹೋಗಿ ಕಂಬಗಳು ಬಂದಿದ್ದವು, ಆದರೆ ಸಿಮೆಂಟಿನವು. ವಾಪಸ್ಸು ಕಳಿಸಿದೆ. ಮೂರನೆಯ ಸಲ ಹಳೆಯ ಕಂಬ, ಹಳೆಯ ಜಗಲಿ ಎರಡೂ ಉಳಿದಿದ್ದವು, ಆದರೆ ಸೂರಿನ ಮೇಲೆ ಅಂತಸ್ತುಗಳು ಇಣುಕುತ್ತಿದ್ದವು. ಆಗ ನಾನು ಎದ್ದು ನಿಂತು, ಕೈಯನ್ನು ಚಾಚಿ, ಸ್ಕೇಲು ಹಿಡಿದು, ಒಂದು ಕಣ್ಣು ಮುಚ್ಚಿ ಅಳೆದೆ. ಈ ಜಗಲಿಯ ಮೇಲೆ ಕೂತವನ ಕಣ್ಣಿಗೆ ಹೆಂಚಿನ ಮೇಲೆ ಆಕಾಶ ಬಿಟ್ಟು ಬೇರೇನೂ ಕಾಣಬಾರದು, ಕಟ್ಟುವುದಿದ್ದರೆ ಹಿಂದಕ್ಕೆ ತಳ್ಳಿಕೊಂಡು ಕಟ್ಟು ಎಂದೆ. ಅವನ ಮುಖ ಕೆಂಪಾಯಿತು. ಹಾಳೆಯನ್ನು ನನ್ನ ತೊಡೆಯ ಮೇಲಿಂದ ಕಿತ್ತುಕೊಂಡ.

"ಒಂದ್ ದಿನ ಅನುಭವಿಸ್ತೀರ ಮೇಷ್ಟ್ರೇ," ಎಂದು ಹೇಳಿ ಹೋದ. ನಾನು ನಕ್ಕೆ. ನಿಜ ಹೇಳುತ್ತೇನೆ, ಅವನನ್ನು ನಾಲ್ಕನೆಯ ಸಲ ಓಡಾಡಿಸುವುದರಲ್ಲಿ ನನಗೆ ಖುಷಿಯಿತ್ತು. ಮನೆ ಬೇರೆಯವರದಾಗಿದ್ದರೆ ಇಷ್ಟು ಬಿಗಿ ಹಿಡಿಯುತ್ತಿದ್ದಿರಾ ಎಂದು ಹೆಂಡತಿ ಕೇಳಿದಳು. ಅವಳಿಗೆ ರೇಗಿದೆ.

ನಾಲ್ಕನೆಯ ಪ್ಲಾನಿನಲ್ಲಿ ತಪ್ಪು ಹುಡುಕಲು ನನಗೆ ಏನೂ ಉಳಿದಿರಲಿಲ್ಲ. ಮುಂಭಾಗದಲ್ಲಿ ಒಂದು ಹೆಂಚೂ ಅಲುಗುವುದಿಲ್ಲ. ಕಟ್ಟಡವೆಲ್ಲ ಹಿಂದಕ್ಕೆ ಸರಿದಿದೆ. ಪತ್ರ ಬರೆಯಲು ಕೂತಾಗ ಸಾಹೇಬರು ಹೇಳಿದರು:

"ಹಿಂದ್ಗಡೆ ಬಣ್ಣದಮ್ಮನ ಮನೆ ಅಲ್ವಾ ಮೇಷ್ಟ್ರೇ? ಒಂದ್ಸಲ ಆ ಕಡೆಯಿಂದಾನೂ ನೋಡ್ಕೊಂಡ್ ಬರೋಣ."

ಬಣ್ಣದಮ್ಮ ಎಂದರೆ ಹಿಂದಿನ ಗಲ್ಲಿಯಲ್ಲಿ ಅರಗಿನ ಕಡ್ಡಿ ಮಾಡುವ ಹೆಂಗಸು. ನಮ್ಮೂರ ಮರದ ಬೊಂಬೆಗಳಿಗೆ ಬಣ್ಣ ಹತ್ತುವುದು ಅರಗಿನಿಂದ. ಅರಗನ್ನು ಕೆಂಡದ ಮೇಲೆ ಕಾಯಿಸಿ, ಬಣ್ಣದ ಪುಡಿ ಬೆರೆಸಿ, ಎಳೆದೆಳೆದು ನಾದಿ ಕಡ್ಡಿ ಮಾಡುತ್ತಾರೆ. ಲೇತಿನಲ್ಲಿ ತಿರುಗುವ ಮರಕ್ಕೆ ಆ ಕಡ್ಡಿ ಒತ್ತಿದರೆ ಬಿಸಿಗೆ ಕರಗಿ ಬಣ್ಣ ಕೂರುತ್ತದೆ. ಹೋದ ವರ್ಷದ ಒಂದು ಮರದ ಮಣಿ ಕೊಟ್ಟು ಇದೇ ಕೆಂಪು ಬೇಕು ಎಂದರೆ ಅದೇ ಕೆಂಪನ್ನು ಕಲಸಿಕೊಡುವವಳು ಎಂದು ಆಕೆಗೆ ಹೆಸರು. ಸುತ್ತಲಿನ ಹತ್ತಾರು ಮನೆಯ ಲೇತುಗಳಿಗೆ ಆಕೆಯ ಕಡ್ಡಿಯೇ ಆಗಬೇಕು. ಒಂದು ಕಾಲಕ್ಕೆ ನಾನೇ ಮಕ್ಕಳನ್ನು ಸಾಲಾಗಿ ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆ. ಉತ್ತರದ ಗೋಡೆಯಲ್ಲಿ ಒಂದು ಅಗಲವಾದ ಕಿಟಕಿ, ಅದರ ಕೆಳಗೆ ಕೆಂಡದ ಒಲೆ, ಒಲೆಯ ಮುಂದೆ ಆಕೆ. ಬಣ್ಣವನ್ನು ನೋಡಬೇಕಾದದ್ದು ಹೀಗೆ, ಉತ್ತರದ ಬೆಳಕಿನಲ್ಲಿ, ಅದು ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಸಮ ಇರುತ್ತದೆ ಎಂದು ಮಕ್ಕಳಿಗೆ ಆ ಕಿಟಕಿಯನ್ನೇ ತೋರಿಸಿ ಪಾಠ ಮಾಡಿದ್ದೆ.

ಇಷ್ಟೆಲ್ಲ ಗೊತ್ತಿದ್ದ ನಾನು ಸಾಹೇಬರಿಗೆ ಏನು ಹೇಳಿದೆ?

"ಹಿಂದಿನ ಗಲ್ಲಿ ನಮ್ಮ ಸಮಿತಿಗೆ ಸೇರಿಲ್ಲ ಸಾಹೇಬರೇ. ಅಲ್ಲಿ ಉಳಿಸುವಂಥದ್ದು ಏನಿದೆ, ಜಿಂಕ್ ಶೀಟು."

ನಾನು ಮುದ್ದಾದ ಅಕ್ಷರದಲ್ಲಿ ಪತ್ರ ಬರೆದೆ: ಬೀದಿಯಿಂದ ಕಾಣುವ ಯಾವ ಭಾಗಕ್ಕೂ ಧಕ್ಕೆಯಿಲ್ಲದ ಕಾರಣ ಸಮಿತಿಯ ಆಕ್ಷೇಪಣೆ ಇರುವುದಿಲ್ಲ. ನನ್ನ ತಲೆಗೆ ಆ ಕಿಟಕಿ ಬರಲೇ ಇಲ್ಲ. ಬಂದಿದ್ದರೂ ನಿಲ್ಲುತ್ತಿದ್ದೆನೋ ಏನೋ, ಗೆದ್ದ ಅಮಲಿನಲ್ಲಿದ್ದೆ.

ಕಟ್ಟಡ ಬೇಗ ಎದ್ದಿತು. ಬೀದಿಯಲ್ಲಿ ಒಂದು ಧೂಳಿನ ಕಣವೂ ಬೀಳದಂತೆ ಕಟ್ಟಿಸಿದ. ಗೃಹಪ್ರವೇಶಕ್ಕೆ ನನ್ನನ್ನು ಕರೆಯಲಿಲ್ಲ. ನಾನು ಸಂಜೆ ಹೊತ್ತು ಸಾಹೇಬರ ಜಗಲಿಯ ಮೇಲೆ ಕೂತು ಹೆಂಚಿನ ಮೇಲಿನ ಆಕಾಶ ನೋಡಿ ಮೀಸೆ ತಿರುವಿದೆ. ಅಲ್ಲಿ ಕೂತವರಿಗೆ ಏನೂ ಕಾಣುತ್ತಿರಲಿಲ್ಲ.

ಒಂದು ದಿನ ಬೆಳಿಗ್ಗೆ ನಾನು ಹೂವಿನ ಗಿಡಕ್ಕೆ ನೀರು ಹಾಕುತ್ತಿದ್ದಾಗ ಬಣ್ಣದಮ್ಮ ಬಂದಳು. ಸೆರಗಿನಿಂದ ಎರಡು ಮಣಿ ತೆಗೆದು ನನ್ನ ಅಂಗೈಯಲ್ಲಿಟ್ಟಳು.

"ಇದು ಯಾವ್ ಬಣ್ಣ, ಹೇಳಿ ಮೇಷ್ಟ್ರೇ."

"ಎರಡೂ ಕೆಂಪು," ಎಂದೆ. ಬಿಸಿಲಿಗೆ ಹಿಡಿದು ನೋಡಿದೆ. ಒಂದು ಕೆಂಪು. ಇನ್ನೊಂದರಲ್ಲಿ ಇಟ್ಟಿಗೆಯ ಛಾಯೆ.

"ಟ್ಯೂಬ್‌ಲೈಟಲ್ಲಿ ಎರಡೂ ಒಂದೇ ಥರ ಕಾಣ್ತವೆ. ಮಾಲೆಲ್ಲ ವಾಪಸ್ ಬಂತು. ಬಣ್ಣದಮ್ಮಂಗೆ ವಯಸ್ಸಾಯ್ತು, ಕಣ್ಣು ಹೋಯ್ತು ಅಂತಾವ್ರೆ ಮಂಡಿಯವ್ರು."

ನನಗೆ ಅರ್ಥವಾಯಿತು. ಆದರೂ ಬಾಯಿ ಬಿಟ್ಟು ಹೇಳಿದ್ದು ಎಂಥ ಮಾತು ಎಂದರೆ, "ಹೊರಗೆ ಗಲ್ಲಿಗೆ ತಂದು ನೋಡಬಹುದಲ್ಲ?"

"ತರೋ ಅಷ್ಟೊತ್ತಿಗೆ ಅರಗು ಕಲ್ಲಾಗಿರ್ತದೆ. ನಾದೋವಾಗ್ಲೇ ಗೊತ್ತಾಗ್ಬೇಕು. ಗಲ್ಲೀಲಿ ಒಲೆ ಇಟ್ರೆ ಗಾಳಿಗೆ ಬೂದಿ ಎದ್ದು ಬಣ್ಣ ಕೆಡ್ತದೆ. ನಿಮ್ಗೆ ಗೊತ್ತಿಲ್ವಾ? ಮಕ್ಕಳಿಗೆ ಹೇಳ್ಕೊಡ್ತಿದ್ರಲ್ಲ." ಆಮೇಲೆ ನನ್ನ ಕೈಯಿಂದ ಮಣಿಗಳನ್ನು ಎತ್ತಿಕೊಂಡಳು. "ಗೋಡೆ ಎಬ್ಸಿದ್ದು ಅವ್ನು. ಕಾಗದ ಕೊಟ್ಟಿದ್ದು ನೀವು."

ನಾನು ಚಪ್ಪಲಿ ಮೆಟ್ಟಿಕೊಂಡು ನೇರ ಅವನ ಮನೆಗೆ ನುಗ್ಗಿದೆ. ಬಾಯಿಗೆ ಬಂದಂತೆ ಬೈದೆ. ಬಡವರ ಕಿಟಕಿಯ ಮೇಲೆ ಗೋಡೆ ಹೇರಿದವನು, ನೀನು ಮನುಷ್ಯನಾ ಎಂದೆಲ್ಲ ಕೂಗಾಡಿದೆ. ಅವನು ಕಾಫಿ ಕುಡಿಯುತ್ತಿದ್ದ. ಲೋಟ ಕೆಳಗಿಟ್ಟು, ಒಳಗೆ ಹೋಗಿ, ಒಂದು ಸುರುಳಿ ತಂದು ನನ್ನ ಮುಂದೆ ಎಸೆದ.

"ಬಿಚ್ಚಿ ನೋಡಿ. ಮೊದಲ್ನೇ ಪ್ಲಾನು. ಎರಡ್ನೇ ಹಾಳೆ."

ಬಿಚ್ಚಿದೆ. ಮನೆಯ ಹಿಂದೆ, ಆ ತುದಿಯಿಂದ ಈ ತುದಿಯವರೆಗೆ ಹತ್ತಡಿ ಖಾಲಿ ಹಿತ್ತಲು. ಅದರಾಚೆಗೆ ಎಂಜಿನಿಯರು ಸಣ್ಣ ಅಕ್ಷರದಲ್ಲಿ ಬರೆದಿದ್ದ: ಪಕ್ಕದವರ ಕಿಟಕಿ.

"ನಮ್ಮವ್ವ ಕೋಳಿ ಸಾಕ್ತೀನಿ ಅಂತಿದ್ಲು, ಅದ್ಕೇ ಹಿತ್ತಲು ಬುಟ್ಟಿದ್ದೆ. ಆಯಮ್ಮಂಗೂ ಬೆಳಕು ಬರ್ಲಿ ಅಂತ ಎಂಜಿನಿಯರ್ ಹೇಳಿದ್ದ. ಹಿಂದಕ್ಕೆ ತಳ್ಳು, ಹಿಂದಕ್ಕೆ ತಳ್ಳು ಅಂದೋರು ಯಾರು? ನಾನಾ? ಈಗ ನಮ್ಮವ್ವನೂ ಇಲ್ಲಿ ಇರಾಕಿಲ್ಲ ಅಂತ ಊರಿಗೋದ್ಲು. ಹೋಗಿ ಮೇಷ್ಟ್ರೇ, ಸುಮ್ಕೆ ಬಾಯಿ ಮಾಡ್ಬೇಡಿ."

ಅವನು ಮೊದಲ ಸಲ ಬಂದ ದಿನ ಆ ಹಾಳೆ ನನ್ನ ಪಕ್ಕದಲ್ಲೇ ಸಾಹೇಬರ ಜಗಲಿಯ ಮೇಲೆ ಬಿದ್ದಿತ್ತು. ನಾನು ಅದನ್ನು ಬಿಚ್ಚಿ ನೋಡಿರಲಿಲ್ಲ. ಅವನ ಮೇಲಿನ ನನ್ನ ದ್ವೇಷ ಆಗಲೂ ಕಡಿಮೆಯಾಗಲಿಲ್ಲ. ನನ್ನನ್ನು ಈ ಸ್ಥಿತಿಯಲ್ಲಿ ನೋಡಿದವನು ಅವನೇ ಆದನಲ್ಲ ಎಂದು ಇನ್ನಷ್ಟು ಹೆಚ್ಚಿತು. ಅವನು ಹಾಗೆ ಹೇಳಿದ್ದರಲ್ಲಿ ಒಂದು ಸುಳ್ಳೂ ಇರಲಿಲ್ಲ ಎನ್ನುವುದು ಇನ್ನೊಂದು ಸಂಕಟ.

ಕಚೇರಿಗೆ ಹೋಗಿ ಪತ್ರ ವಾಪಸ್ಸು ತೆಗೆದುಕೊಳ್ಳುತ್ತೇನೆ ಎಂದೆ. ಕಟ್ಟಿ ಮುಗಿದ ಮೇಲೆ ಎಂಥ ವಾಪಸ್ಸು ಎಂದು ಅಲ್ಲಿಯವರು ನಕ್ಕರು. ಅಲ್ಲಿಂದ ಹಿಂದಿನ ಗಲ್ಲಿಗೆ ಹೋದೆ. ಬೆಳಿಗ್ಗೆ ಹನ್ನೊಂದು ಗಂಟೆಯಲ್ಲಿ ಆಕೆಯ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಕಿಟಕಿ ತೆರೆದೇ ಇತ್ತು. ಅದರಾಚೆ ಒಂದು ಮೊಳ ದೂರದಲ್ಲಿ, ಗಾರೆ ಕೂಡ ಮಾಡದ ಸಿಮೆಂಟು ಇಟ್ಟಿಗೆಯ ಗೋಡೆ ಮೇಲಕ್ಕೆ ಹೋಗಿತ್ತು. ಕತ್ತು ಎತ್ತಿ ನೋಡಿದೆ, ತುದಿ ಕಾಣಲಿಲ್ಲ.

ತಪ್ಪಾಯಿತು ಎಂದೆ. ನಮ್ಮ ಮನೆಯ ಹಿಂದಿನ ಕೋಣೆ ಖಾಲಿಯಿದೆ, ಬೆಳಕಿದೆ, ಒಲೆ ಅಲ್ಲಿಗೆ ಹಾಕಿಕೊಳ್ಳಿ ಎಂದೆ.

"ನಿಮ್ಮನೇಲಿ ಕೂತು ನಾನ್ಯಾಕೆ ಕೆಲ್ಸ ಮಾಡ್ಲಿ?" ಎಂದಳು. ಕೆಂಡ ಊದುತ್ತಲೇ ಇದ್ದಳು. "ಒಂದು ಕೆಲ್ಸ ಮಾಡಿ. ಮಂಡಿಯವ್ರ ಹತ್ರ ಬಂದು ಹೇಳಿ. ಕಣ್ಣು ಹೋಗಿರೋದಲ್ಲ, ಬೆಳಕು ಹೋಗಿರೋದು ಅಂತ. ನಾನು ಹೇಳಿದ್ರೆ ನೆಪ ಅಂತಾರೆ. ನೀವ್ ಹೇಳಿದ್ರೆ ನಂಬ್ತಾರೆ."

ಮರುದಿನ ಹೋದೆವು. ಬೊಂಬೆಗಳನ್ನು ಕೊಂಡು ಹೊರಗೆ ಕಳಿಸುವ, ಲೇತಿನವರಿಗೆ ಕಡ್ಡಿ ಮಾಡಿಸಿಕೊಡುವ ಮಂಡಿಯ ವ್ಯಾಪಾರಿ ನನ್ನನ್ನು ಕಂಡು ಎದ್ದು ನಿಂತು ಕುರ್ಚಿ ಕೊಟ್ಟರು. ಆಕೆ ಬಾಗಿಲ ಹೊರಗೆ ನಿಂತಳು, ಕರೆದರೂ ಒಳಗೆ ಬರಲಿಲ್ಲ. ನಾನು ಒಂದನ್ನೂ ಬಚ್ಚಿಡದೆ ಹೇಳಿದೆ: ಪ್ಲಾನು, ನನ್ನ ಪತ್ರ, ನೋಡದೆ ಬಿಟ್ಟ ಹಾಳೆ, ಗೋಡೆ. ಆಕೆಯ ಕಣ್ಣಿಗೆ ಏನೂ ಆಗಿಲ್ಲ, ಬೆಳಕು ಮುಚ್ಚಿಸಿದವನು ನಾನು ಎಂದೆ.

ಅವರು ತಾಳ್ಮೆಯಿಂದ ಕೇಳಿಸಿಕೊಂಡರು. ಆಮೇಲೆ, "ನಿಮ್ ಮಾತ್ ನಂಬ್ತೀನಿ ಮೇಷ್ಟ್ರೇ. ಆದ್ರೆ ಕಣ್ಣು ಹೋದ್ರೂ ಬೆಳಕು ಹೋದ್ರೂ ನಂಗೆ ಒಂದೇ ಅಲ್ವಾ? ನಂಗೆ ಬಣ್ಣ ಸರಿ ಬರ್ಬೇಕು. ಕಡ್ಡಿ ಕೆಲ್ಸ ಬೇರೆಯವ್ರಿಗೆ ಕೊಟ್ಟಾಯ್ತು," ಎಂದರು. ಕಾಫಿ ತರಿಸಲೇ ಎಂದು ಕೇಳಿದರು.

ಹೊರಗೆ ಬಂದೆ. ಆಕೆಗೆ ಎಲ್ಲ ಕೇಳಿಸಿತ್ತು. ದಾರಿಯಲ್ಲಿ ನಾನು ಏನೇನೋ ಹೇಳುತ್ತಿದ್ದೆ, ಇನ್ನೊಬ್ಬ ವ್ಯಾಪಾರಿಯನ್ನು ಕೇಳೋಣ, ಬೊಂಬೆ ಮಾಡುವವರ ಸಂಘದಲ್ಲಿ ಮಾತಾಡೋಣ ಎಂದೆಲ್ಲ. ಆಕೆ ಗಲ್ಲಿಯ ತಿರುವಿನಲ್ಲಿ ನಿಂತಳು.

"ಹಾರೋಹಳ್ಳಿ ಫ್ಯಾಕ್ಟ್ರೀಲಿ ಪ್ಯಾಕಿಂಗ್ ಕೆಲ್ಸ ಐತಂತೆ. ಸೋಮವಾರದಿಂದ ಹೋಗ್ತೀನಿ," ಎಂದಳು. "ನನ್ ಕಣ್ಣು ಸರಿಯಾಗಿದೆ ಅಂತ ಅವ್ರ ಮುಂದೆ ಹೇಳಿದ್ರಲ್ಲ, ಅಷ್ಟು ಸಾಕು. ಇನ್ಮೇಲೆ ನಮ್ ಗಲ್ಲಿ ಕಡೆ ಬರ್ಬೇಡಿ ಮೇಷ್ಟ್ರೇ."

ನಾನು ಮತ್ತೆ ಅಲ್ಲಿಗೆ ಹೋಗಿಲ್ಲ.