ಸಿನಿಮಾ ತೋಳದ ಬಾಯಿಯ ನೊರೆ

೧೯೮೨ರ ಬೇಸಿಗೆಯಲ್ಲಿ ನಾನು ಕಡೂರು ತಾಲ್ಲೂಕಿನ ಹಿರೇನಲ್ಲೂರಿನಲ್ಲಿ ಪಶುವೈದ್ಯನಾಗಿದ್ದೆ. ಸರ್ವಿಸ್ಸಿಗೆ ಸೇರಿ ಆರು ವರ್ಷವಾಗಿತ್ತು. ನನಗೆ ಗೊತ್ತಿಲ್ಲದ ರೋಗವೇ ಇಲ್ಲ ಎಂದು ಬೀಗುವುದಕ್ಕೆ ಅಷ್ಟು ವರ್ಷ ಧಾರಾಳವಾಗಿ ಸಾಕು.

ಆಗ ನಮ್ಮೂರಿಗೆ ಸಿನಿಮಾದವರು ಬಂದರು. ಮನುಷ್ಯ ತೋಳವಾಗುವ ಅವರದೊಂದು ಚಿತ್ರ ಬೀರೂರಿನ ಟೆಂಟಿನಲ್ಲಿ ಚೆನ್ನಾಗಿ ಓಡಿತ್ತು. ಅದರ ಕೊನೆಯಲ್ಲಿ ತೋಳಮನುಷ್ಯನನ್ನು ಕೊಂದು ಸುಟ್ಟುಬಿಟ್ಟಿದ್ದರಿಂದ ಕಥೆ ಮುಂದಕ್ಕೆ ಹೋಗುವಂತಿರಲಿಲ್ಲ. ಹಾಗಾಗಿ ಹಿಂದಕ್ಕೆ ಹೋದರು. ಆ ವಂಶಕ್ಕೆ ಶಾಪ ತಗುಲಿದ್ದು ಹೇಗೆ ಎಂಬ ಪಾಳೇಗಾರರ ಕಾಲದ ಕಥೆಯನ್ನು ತೆಗೆಯಲು ಊರಾಚೆಯ ಮುರುಕು ಮಣ್ಣಿನ ಕೋಟೆಯನ್ನು ಹಿಡಿದರು. ಕರೆಂಟು ಕಂಬಗಳಿಗೆ ಸೊಪ್ಪು ಸುತ್ತಿದರು. ಕ್ಯಾಮೆರಾಕ್ಕೆ ನೀಲಿ ಗಾಜು ಹಾಕಿ, ರಾತ್ರಿಯ ದೃಶ್ಯಗಳನ್ನೆಲ್ಲ ಉರಿಬಿಸಿಲಿನಲ್ಲೇ ತೆಗೆಯುತ್ತಿದ್ದರು.

ತೋಳಮನುಷ್ಯನ ಪಾತ್ರ ಅಜ್ಜಂಪುರದ ನಾಟಕದ ನಟ ಹಾಲಪ್ಪನವರದು. ಕರಿ ಕಂಬಳಿ ಕತ್ತರಿಸಿ ಹೊಲಿದ ಉಡುಪು, ತೋಳದ ಮುಖವಾಡದಲ್ಲಿ ಅವರು ದಿನವಿಡೀ ಬೇಯುತ್ತಿದ್ದರು. ಕೊನೆಯ ಶಾಟಿನಲ್ಲಿ ಮಾತ್ರ ಕಂಬಳಿ ಕಳಚಿ ಅವರ ಮುಖ ತೆರೆಯ ಮೇಲೆ ಬರಬೇಕಿತ್ತು. ಇಪ್ಪತ್ತು ವರ್ಷ ನಾಟಕವಾಡಿದ ಮನುಷ್ಯನಿಗೆ ಅದೊಂದು ಶಾಟೇ ಇಡೀ ಸಿನಿಮಾ. ಅವರನ್ನು ಕಚ್ಚಿ ಶಾಪ ಹತ್ತಿಸುವ ತೋಳ ಕರಿಯ ಎಂಬ ಕುರಿಕಾವಲಿನ ನಾಯಿ. ಮೇಕಪ್ಪಿನ ರಂಗಸ್ವಾಮಿ ಅದಕ್ಕೆ ಬೂದು ಬಣ್ಣ ಬಳಿದು, ಉಣ್ಣೆಯ ಬಾಲ ಅಂಟಿಸಿದ್ದ. ಪ್ರತಿ ಶಾಟಿಗೂ ಮುಂಚೆ ಶೇವಿಂಗ್ ಬ್ರಶ್ಶಿನಿಂದ ಸೋಪು ಕದಡಿ ಅದರ ಬಾಯಿಗೆ ನೊರೆ ಹಚ್ಚುತ್ತಿದ್ದ.

ನಾಯಿ ಆರೋಗ್ಯವಾಗಿದೆ ಎಂದು ಸರ್ಟಿಫಿಕೇಟು ಕೊಟ್ಟವನು ನಾನು. ಅದಕ್ಕೆ ಪ್ರತಿಯಾಗಿ ಡೈರೆಕ್ಟರು ನನಗೂ ಒಂದು ಪಾತ್ರ ಕೊಟ್ಟರು. ಪಾಳೇಗಾರನ ಕುದುರೆ ವೈದ್ಯ, ಎರಡು ಮಾತು. ಆ ಎರಡು ಮಾತನ್ನು ನಾನು ಎರಡು ವಾರ ಕನ್ನಡಿಯ ಮುಂದೆ ಹೇಳಿಕೊಂಡಿದ್ದೆ ಎನ್ನುವುದನ್ನು ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ.

ಒಂದು ಮಂಗಳವಾರ ನನ್ನ ಶಾಟು. ರುಮಾಲು ಸುತ್ತಿ, ಅಂಟಿಸಿದ ಮೀಸೆ ತಿರುವುತ್ತ ಕಾದಿದ್ದೆ. ನನಗಿಂತ ಮುಂಚೆ ಕರಿಯನ ಶಾಟಿತ್ತು. ಕಥೆಯಲ್ಲಿ ಇನ್ನೂ ಮನುಷ್ಯನಾಗಿ, ಮುಖ ಕಾಣದಂತೆ ಕಂಬಳಿ ಹೊದ್ದು ಮಲಗಿದ್ದ ಹಾಲಪ್ಪನವರ ಮೇಲೆ ಹಾರಿ ಕಂಬಳಿ ಎಳೆಯಬೇಕಿದ್ದ ನಾಯಿ ನಿಜವಾಗಿಯೇ ಕಚ್ಚಿತು. ಹಲ್ಲು ಕಂಬಳಿ ದಾಟಿ ಎಡಗೈಗೆ ಇಳಿದಿತ್ತು. ಡೈರೆಕ್ಟರು ಶಾಟು ಅದ್ಭುತವಾಗಿ ಬಂತೆಂದು ಚಪ್ಪಾಳೆ ತಟ್ಟಿ, ಆಮೇಲೆ ರಕ್ತ ನೋಡಿ ನನ್ನನ್ನು ಕರೆದರು. ನಾನು ಸೋಪು ಹಾಕಿ ಗಾಯ ತೊಳೆಸಿ ಟಿಂಕ್ಚರ್ ಹಚ್ಚಿದೆ. ನಾಯಿಯ ಬಾಯಿಂದ ನೊರೆ ಇಳಿಯುತ್ತಿತ್ತು. ಬೆಳಿಗ್ಗೆ ಅದು ರೊಟ್ಟಿ ಮೂಸಲಿಲ್ಲ ಎಂದು ಯಾರೋ ಅಂದದ್ದೂ ಕಿವಿಗೆ ಬಿದ್ದಿತ್ತು. ಶೂಟಿಂಗ್ ನಿಂತರೆ ನನ್ನ ಎರಡು ಮಾತು ನಿಲ್ಲುತ್ತದೆ ಎನ್ನುವುದು ಮಾತ್ರ ತಲೆಯಲ್ಲಿತ್ತು.

ಇಂಜೆಕ್ಷನ್ ಬೇಕಾಗುತ್ತದೆಯೇ ಎಂದು ಹಾಲಪ್ಪ ಕೇಳಿದರು.

"ಸೋಪಿನ ನೊರೆ ಕಣ್ರೀ ಅದು," ಎಂದೆ. "ಅದಕ್ಕೆಲ್ಲ ಯಾರಾದ್ರೂ ಹೊಟ್ಟೆ ಚುಚ್ಚಿಸ್ಕೋತಾರಾ?"

ಎಲ್ಲರೂ ನಕ್ಕರು, ಆಮೇಲೆ ನನ್ನ ಶಾಟೂ ಆಯಿತು. ಕಚ್ಚಿದ ನಾಯಿಯನ್ನು ಕಟ್ಟಿಹಾಕಿ ಹತ್ತು ದಿನ ನೋಡುವುದು ನಮ್ಮ ಕ್ರಮ. ರೇಬೀಸ್ ಇದ್ದರೆ ಅಷ್ಟರೊಳಗೆ ಅದು ಸಾಯುತ್ತದೆ. ಕಟ್ಟಲು ಹೇಳಿದೆನಾದರೂ ಮುಂದೆ ನಿಂತು ಕಟ್ಟಿಸಲಿಲ್ಲ. ಸಂಜೆಯ ಹೊತ್ತಿಗೆ ಕರಿಯ ಹಗ್ಗ ಕಡಿದು ಹೋಗಿತ್ತು.

ಗುರುವಾರ ಬೆಳಿಗ್ಗೆ ರಂಗಸ್ವಾಮಿ ಮೀಸೆ ವಾಪಸ್ಸು ಒಯ್ಯಲು ಆಸ್ಪತ್ರೆಗೆ ಬಂದ. ನಿನ್ನ ನೊರೆ ಎಲ್ಲರನ್ನೂ ಬೆದರಿಸಿತಲ್ಲ ಮಾರಾಯ ಎಂದು ಕಿಚಾಯಿಸಿದೆ. ಅವನು ನಗಲಿಲ್ಲ.

"ಮಂಗಳ್ವಾರ ನಾನು ನೊರೆ ಹಚ್ಚೇ ಇರ್ಲಿಲ್ಲ ಸಾರ್. ಬ್ರಶ್ ತಗಂಡು ಹೋಗೋದ್ರಾಗೆ ಆಗ್ಲೇ ಇತ್ತು. ಇನ್ನ್ಯಾರೋ ಹಚ್ಚವ್ರೆ ಅಂದ್ಕಂಡೆ."

ಹಾಗಾದರೆ ಅದು ರೇಬೀಸಿನ ಜೊಲ್ಲೇ ಇರಬೇಕು. ಮನುಷ್ಯನಲ್ಲಿ ಈ ರೋಗದ ಲಕ್ಷಣ ಒಮ್ಮೆ ಕಾಣಿಸಿತೆಂದರೆ ಯಾವ ವೈದ್ಯನೂ ಏನೂ ಮಾಡಲಾರ. ಆಗಲೇ ಎರಡು ದಿನ ನನ್ನಿಂದ ಹಾಳಾಗಿತ್ತು. ರಂಗಸ್ವಾಮಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಕೋಟೆಗೆ ಓಡಿದೆ. ಹಾಲಪ್ಪ ಕಂಬಳಿ ತೊಟ್ಟು ಶಾಟಿಗೆ ನಿಂತಿದ್ದರು. ನನ್ನ ಮಾತು ತಪ್ಪು, ಈಗಲೇ ಕಡೂರಿನ ಆಸ್ಪತ್ರೆಗೆ ಹೊರಡಬೇಕು, ಹದಿನಾಲ್ಕು ದಿನ ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್ ಎಂದೆ. ಡೈರೆಕ್ಟರು ಐದೇ ದಿನದ ಕೆಲಸ ಬಾಕಿಯಿದೆ ಎಂದು ಗೊಣಗಿದರು. ಹಾಲಪ್ಪ ಮುಖವಾಡ ತೆಗೆಯದೆಯೇ ಕೇಳಿದರು.

"ಈ ಕಥೇಲಿ ಕಚ್ಚಿಸ್ಕಂಡ ಮೂರ್ನೇ ದಿನಕ್ಕೆ ನಾನು ತೋಳ ಆಯ್ತೀನಿ. ನಿಜವಾಗ್ಲೂ ಏನಾಯ್ತೀನಿ ಡಾಕ್ಟ್ರೇ?"

ನಾನು ಹೇಳಿದೆ. ಗಂಟಲು ಸೆಳೆತ, ನೀರು ಕಂಡರೆ ನಡುಕ, ಬಾಯಾರಿದರೂ ಒಂದು ಗುಟುಕು ಇಳಿಯದು. ಅವರು ಮುಖವಾಡ ಬಿಚ್ಚಿಟ್ಟು, ಅಲ್ಲಿದ್ದ ಚೊಂಬಿನ ನೀರನ್ನು ನನ್ನ ಕಣ್ಣೆದುರೇ ಎತ್ತಿ ಕುಡಿದರು. ಆಮೇಲೆ ಹೊರಟರು.

ಕಡೂರಿನಲ್ಲಿ ಮೊದಲ ಇಂಜೆಕ್ಷನ್ ಆಗುವಾಗ ನಾನು ಪಕ್ಕದಲ್ಲೇ ಇದ್ದೆ. ಆಗ ಆ ಲಸಿಕೆಯನ್ನು ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದರು. ಅದನ್ನು ಹೇಳಿದಾಗ ಹಾಲಪ್ಪ, ಹಾಗಾದರೆ ತೋಳಕ್ಕೆ ಕುರಿಯೇ ಗತಿ ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಅವರನ್ನು ಅಲ್ಲಿನ ನೆಂಟರ ಮನೆಯಲ್ಲಿ ಬಿಟ್ಟು ನಾನೂ ರಂಗಸ್ವಾಮಿಯೂ ನಾಯಿ ಹುಡುಕಿ ಹೊರಟೆವು. ಚೌಳಹಿರಿಯೂರಿನ ಬಸ್ ನಿಲ್ದಾಣದಲ್ಲಿ, ಆವತ್ತು ಬೆಳಿಗ್ಗೆ ಕುರಿಗಾಹಿಯೊಬ್ಬ ತೋಳ ಹೊಡೆದಿದ್ದಾನೆಂಬ ಸುದ್ದಿ ಸಿಕ್ಕಿತು. ತೋಳ ಹೊಡೆದರೆ ಹೂಳದೆ, ಬೇರೆ ತೋಳಗಳಿಗೆ ಎಚ್ಚರಿಕೆಯಾಗಲೆಂದು ಕುರಿರೊಪ್ಪದ ಪಕ್ಕದ ಜಾಲಿಮರಕ್ಕೆ ನೇತುಹಾಕುವುದು ಅವರ ಪದ್ಧತಿ. ನನ್ನ ಪುಣ್ಯಕ್ಕೆ ಆ ಪದ್ಧತಿ ಇತ್ತು. ರಂಗಸ್ವಾಮಿ ಹತ್ತಿರ ಹೋಗಿ ಬಾಲ ಹಿಡಿದ. ಬಾಲ ಕಿತ್ತು ಅವನ ಕೈಗೇ ಬಂತು. ದೂರದಿಂದ ಕವಣೆ ಕಲ್ಲಿನಲ್ಲಿ ಹೊಡೆದವನಾದ್ದರಿಂದ ಕುರಿಗಾಹಿಗೆ ಕಡಿತವಾಗಿರಲಿಲ್ಲ, ಕುರಿಗಳಿಗೂ ಇರಲಿಲ್ಲ. ಪರೀಕ್ಷೆಗೆ ತಲೆ ಕೊಡಲು ಅವನು ಒಂದೇ ಷರತ್ತು ಹಾಕಿದ.

"ನಾಯಿ ಅಂತ ಊರಾಗೆ ಯಾರ್ಗೂ ಹೇಳ್ಬ್ಯಾಡಿ ಸಾಮಿ. ಆಗ್ಲೇ ಹಾರ ಹಾಕವ್ರೆ ನಂಗೆ."

ಕೈಗವಸು ತೊಟ್ಟು ಮಿದುಳು ತೆಗೆದು, ಗ್ಲಿಸರಿನ್ ತುಂಬಿದ ಸೀಸೆಯಲ್ಲಿಟ್ಟು, ಆಸ್ಪತ್ರೆಯ ಜವಾನನ ಕೈಯಲ್ಲಿ ಬೀರೂರಿನಿಂದ ರೈಲಿನಲ್ಲಿ ಬೆಂಗಳೂರಿನ ಪ್ರಯೋಗಾಲಯಕ್ಕೆ ಕಳಿಸಿದೆ. ಉತ್ತರ ಬರುವವರೆಗೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎಮ್ಮೆಗೆ ಬರೆಯಬೇಕಾದ ಔಷಧಿಯನ್ನು ಎತ್ತಿನ ಚೀಟಿಯಲ್ಲಿ ಬರೆದೆ. ದಿನಾ ಬೆಳಿಗ್ಗೆ ಕಡೂರಿಗೆ ಓಡುತ್ತಿದ್ದೆ. ಹಾಲಪ್ಪ ನನಗಾಗಿ ಬಾಗಿಲಲ್ಲೇ ಕಾದಿದ್ದು, ಒಂದು ಚೊಂಬು ನೀರು ಕುಡಿದು ತೋರಿಸುತ್ತಿದ್ದರು. ಅದನ್ನು ನೋಡಿದ ಮೇಲೆಯೇ ನನಗೆ ತಿಂಡಿ ಸೇರುತ್ತಿತ್ತು. ಅಜ್ಜಂಪುರದಿಂದ ಬಂದಿದ್ದ ಅವರ ಹೆಂಡತಿ ಒಂದು ದಿನವೂ ನನ್ನನ್ನು ಒಳಗೆ ಕರೆಯಲಿಲ್ಲ. ಕರೆಯಬೇಕಾದ ಕಾರಣವೂ ಇರಲಿಲ್ಲ.

ಎಂಟನೇ ಇಂಜೆಕ್ಷನ್ನಿನ ದಿನ ವರದಿ ಬಂತು. ರೇಬೀಸ್ ಇದೆ.

ಹಾಲಪ್ಪ ಹದಿನಾಲ್ಕನ್ನೂ ಮುಗಿಸಿದರು. ಅಷ್ಟರಲ್ಲಿ ಸಿನಿಮಾದವರು ಬೇರೊಬ್ಬನಿಗೆ ಕಂಬಳಿ ತೊಡಿಸಿ, ಕೊನೆಯ ಶಾಟಿನಲ್ಲಿ ಅವನದೇ ಮುಖ ತೋರಿಸಿ, ಗಂಟುಮೂಟೆ ಕಟ್ಟಿದ್ದರು. ಇಂಜೆಕ್ಷನ್ ತಡವಾಗಿ ಶುರುವಾದದ್ದರಿಂದ ನನ್ನ ಭಯ ಅಲ್ಲಿಗೆ ಮುಗಿಯಲಿಲ್ಲ, ಈ ರೋಗ ತಿಂಗಳುಗಟ್ಟಲೆ ಅಡಗಿರಬಲ್ಲದು. ಒಂದು ವರ್ಷ ಪ್ರತಿ ತಿಂಗಳೂ ಅಜ್ಜಂಪುರದಿಂದ ಒಂದು ಕಾರ್ಡು ಬರುತ್ತಿತ್ತು. ಅದರಲ್ಲಿ ಒಂದೇ ಸಾಲು: ನೀರು ಕುಡಿಯುತ್ತಿದ್ದೇನೆ, ಇಂತಿ ಹಾಲಪ್ಪ. ಬೈಗುಳ ಬರೆದಿದ್ದರೆ ನನಗೆ ಹಗುರವಾಗುತ್ತಿತ್ತು.

ಚಿತ್ರ ೧೯೮೪ರಲ್ಲಿ ಬೀರೂರಿನ ಟೆಂಟಿಗೆ ಬಂತು. ಮೊದಲ ಆಟಕ್ಕೆ ಹಾಲಪ್ಪನವರೇ ನನ್ನನ್ನು ಕರೆಸಿಕೊಂಡರು. ಕುದುರೆ ವೈದ್ಯನ ಎರಡು ಮಾತು ಕತ್ತರಿಗೆ ಹೋಗಿತ್ತು. ಆ ಮಂಗಳವಾರದ ಶಾಟು ಮಾತ್ರ ಹಾಗೇ ಇತ್ತು. ಕರಿಯನ ಮುಖ ತೆರೆ ತುಂಬ ಬಂತು, ನೊರೆ ಎಳೆಎಳೆಯಾಗಿ ಇಳಿಯಿತು. ಜನ ಶಿಳ್ಳೆ ಹೊಡೆದರು. ಆ ನೊರೆ ಸೋಪಿನದಲ್ಲ ಎನ್ನುವುದು ಅಷ್ಟು ದೊಡ್ಡದಾಗಿ ಕಂಡಾಗ ಯಾವ ಪಶುವೈದ್ಯನಿಗಾದರೂ ತಿಳಿಯುತ್ತಿತ್ತು. ಕೆಳದವಡೆ ಜೋತುಬಿದ್ದಿತ್ತು. ಮೂರಡಿ ದೂರದಲ್ಲಿ ನಿಂತಿದ್ದ ನನಗೆ ಕಾಣಿಸಿರಲಿಲ್ಲ.

ಆಮೇಲೆ ಇಪ್ಪತ್ತೈದು ವರ್ಷ ಸರ್ವಿಸ್ ಮಾಡಿದೆ. "ಏನೂ ಇಲ್ಲ ಹೋಗ್ರಿ" ಎನ್ನುವ ಮಾತು ಬಾಯಿಗೆ ಬಂದಾಗಲೆಲ್ಲ ಇನ್ನೊಂದು ಪ್ರಶ್ನೆ ಕೇಳುವುದನ್ನು ರೂಢಿ ಮಾಡಿಕೊಂಡೆ. ನೊರೆ ಹಚ್ಚಿದವರು ಯಾರು ಎಂದು ಅಂದು ಒಂದು ಸಲ ಕೇಳಿದ್ದರೆ ಸಾಕಿತ್ತು.

ಟೆಂಟಿನಲ್ಲಿ ಆವತ್ತು ಆ ಶಾಟು ಮುಗಿಯುವ ಮುಂಚೆಯೇ ಹಾಲಪ್ಪ ಎದ್ದು ಹೊರಗೆ ನಡೆದರು. ಹಿಂದೆಯೇ ಹೋದೆ. ಸೋಡಾ ಅಂಗಡಿಯ ಮುಂದೆ ಒಂದು ಚೊಂಬು ನೀರು ಇಸಿದುಕೊಂಡು, ನನ್ನ ಕಡೆ ತಿರುಗಿ, ಕೊನೆಯ ಹನಿಯವರೆಗೂ ಎತ್ತಿ ಕುಡಿದರು.

"ನೋಡ್ಕಂಡ್ರಾ ಡಾಕ್ಟ್ರೇ?" ಎಂದರು.

ನೋಡಿಕೊಂಡೆ ಎಂದೆ.